ಜ್ಞಾನ ಮತ್ತು ವಿವೇಕ: ಕುರಾನಿನ ವಿದ್ವಾಂಸರು ಕಂಡಂತೆ



ಈ ಹೊತ್ತಿನ ವಿಷಯವನ್ನು ನಾವು ಆರಿಸಿಕೊಂಡದ್ದಲ್ಲ; ಅದು ತಾನಾಗಿಯೇ ಮಠದ ಜಗುಲಿಗೆ ಬಂದದ್ದು. ಹದಿನೈದು ದಿನಗಳ ಹಿಂದೆ ಊರ್ಡಿಗೆರೆಯ ಆಸುಪಾಸಿನ ಐದಾರು ಮಂದಿ ಯುವಕರು ಸಂಜೆಯ ಪೂಜೆ ಮುಗಿಯುವ ವೇಳೆಗೆ ಬಂದು ಕುಳಿತರು. ಎಲ್ಲರೂ ಓದಿದವರು, ಇಬ್ಬರು ತುಮಕೂರಿನಲ್ಲಿ ನೌಕರಿಯಲ್ಲಿರುವವರು. ಅವರಲ್ಲೊಬ್ಬನು ಮೊಬೈಲಿನಲ್ಲಿ ಬಂದಿದ್ದ ನಾಲ್ಕು ವಾಕ್ಯಗಳನ್ನು ತೋರಿಸಿ, "ಬುದ್ಧಿ, ಇದೆಲ್ಲ ಕುರಾನಿನಲ್ಲಿದೆಯಂತೆ. ಇಂಥದ್ದನ್ನು ನಂಬುವವರಿಗೆ ನಮ್ಮ ಜಾತ್ರೆಯಲ್ಲಿ ಅಂಗಡಿ ಹಾಕಲು ಜಾಗ ಕೊಡಬೇಕೆ? ತಾವು ಒಂದು ಮಾತು ಅಪ್ಪಣೆ ಕೊಡಿಸಿದರೆ ಸಾಕು" ಎಂದನು. ನಮ್ಮ ಜಾತ್ರೆಯಲ್ಲಿ ಮೂರು ತಲೆಮಾರಿನಿಂದ ಬಳೆ ಅಂಗಡಿ ಇಡುವ ಮುಸಲ್ಮಾನರ ಮನೆತನವೊಂದಿದೆ. ಇಲ್ಲಿ ಕುಳಿತಿರುವ ತಾಯಂದಿರಲ್ಲಿ ಬಹುಮಂದಿ ಆ ಅಂಗಡಿಯ ಬಳೆಯನ್ನು ತೊಟ್ಟವರೇ.

ನಾವು ಆ ದಿನ ಉತ್ತರ ಕೊಡಲಿಲ್ಲ. "ಹದಿನೈದು ದಿನ ತಾಳಿ" ಎಂದೆವು. ಸ್ವಾಮಿಗಳು ಹಿಂಜರಿದರು ಎಂದು ಕೆಲವರಿಗೆ ತೋರಿರಬಹುದು. ಅದು ಹಿಂಜರಿಕೆಯಲ್ಲ, ತಿಳಿಯದೆ ಇದ್ದದ್ದು. ನಾವು ಓದಿದ್ದು ಸಂಸ್ಕೃತ ಪಾಠಶಾಲೆಯಲ್ಲಿ. ಅಮರಕೋಶ, ಕೌಮುದಿ, ಸ್ವಲ್ಪ ತರ್ಕ, ಸ್ವಲ್ಪ ವೇದಾಂತ. ಅರಬ್ಬೀ ಭಾಷೆ ನಮಗೆ ಬಾರದು. ಆದ್ದರಿಂದ ಈ ಹದಿನೈದು ದಿನಗಳಲ್ಲಿ ಕುರಾನಿನ ಕನ್ನಡ ಅನುವಾದವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆವು. ಬಹುಕಾಲ ಪಾಠ ಹೇಳಿ ನಿವೃತ್ತರಾದ ವೃದ್ಧ ಮೌಲವಿಯೊಬ್ಬರನ್ನು ಮಠಕ್ಕೆ ಬರಮಾಡಿಕೊಂಡು ಕೇಳಿದೆವು. ಕೇಳುತ್ತ ಹೋದಂತೆ ಆ ನಾಲ್ಕು ವಾಕ್ಯಗಳಿಗಿಂತ ದೊಡ್ಡ ವಿಷಯವೊಂದು ನಮ್ಮ ಮುಂದೆ ತೆರೆಯಿತು. ಓದಿದ್ದು ಯಾವಾಗ ವಿವೇಕವಾಗುತ್ತದೆ, ಯಾವಾಗ ಬರಿಯ ಹೊರೆಯಾಗುತ್ತದೆ ಎಂಬುದೇ ಆ ವಿಷಯ. ಕುರಾನಿನ ವಿದ್ವಾಂಸರು ಸಾವಿರಕ್ಕೂ ಮೇಲ್ಪಟ್ಟ ವರ್ಷಗಳಿಂದ ಇದನ್ನು ವಿಚಾರ ಮಾಡಿದ್ದಾರೆ. ಅದನ್ನೇ ಇಂದು ತಮ್ಮ ಮುಂದೆ ಬಿಡಿಸಿ ಇಡುತ್ತೇವೆ.

ಅವರಲ್ಲಿ ಎರಡು ಶಬ್ದಗಳಿವೆ. ಒಂದು 'ಇಲ್ಮ್', ಇನ್ನೊಂದು 'ಹಿಕ್ಮತ್'. ಇಲ್ಮ್ ಎಂದರೆ ಜ್ಞಾನ, ತಿಳಿವಳಿಕೆ. ಹಿಕ್ಮತ್ ಎಂದರೆ ವಿವೇಕ. ಇವು ದೂರದ ಶಬ್ದಗಳೆಂದು ತಿಳಿಯಬೇಡಿ. ಇವುಗಳ ಮಕ್ಕಳು ಮರಿಗಳು ನಮ್ಮ ಹೊಲಮನೆಗಳಲ್ಲಿಯೇ ಓಡಾಡಿಕೊಂಡಿವೆ. ಕುಸ್ತಿಯ ಹುಡುಗರು 'ತಾಲೀಮು' ಮಾಡುತ್ತಾರಲ್ಲವೆ? ಅದು ಇಲ್ಮ್ ಎಂಬ ಧಾತುವಿನಿಂದಲೇ ಬಂದದ್ದು. ಕಲಿಸುವುದು ಎಂದು ಅದರ ಅರ್ಥ. 'ಹುಕುಂ' ಎನ್ನುತ್ತೇವೆ. ಅಪ್ಪಣೆಯಿಲ್ಲದೆ ಸಾಗುವಳಿ ಮಾಡಿದ ಭೂಮಿಗೆ 'ಬಗರ್ ಹುಕುಂ' ಎನ್ನುತ್ತೇವೆ. ಮದ್ದು ಕೊಡುವವನನ್ನು ನಮ್ಮ ಹಿರಿಯರು 'ಹಕೀಮ' ಎಂದು ಕರೆದರು. ಹುಕುಂ, ಹಕೀಮ, ಹಿಕ್ಮತ್, ಈ ಮೂರಕ್ಕೂ ಧಾತು ಒಂದೇ. ಅರಬ್ಬೀ ನಿಘಂಟುಕಾರರು ಆ ಧಾತುವಿನಿಂದಲೇ ಬಂದ ಮತ್ತೊಂದು ಶಬ್ದವನ್ನು ತೋರಿಸುತ್ತಾರೆ. ಅದಕ್ಕೆ ಕುದುರೆಯ ಬಾಯಿಗೆ ಹಾಕುವ ಕಡಿವಾಣ ಎಂದು ಅರ್ಥ. ಕುದುರೆ ದಾರಿ ಬಿಟ್ಟು ಓಡದಂತೆ ತಡೆಯುವುದು ಕಡಿವಾಣ. ಮನುಷ್ಯನು ತಿಳಿದದ್ದನ್ನೆಲ್ಲ ಕಂಡಕಂಡ ಕಡೆ ಓಡಿಸದಂತೆ ತಡೆಯುವುದು ಹಿಕ್ಮತ್. ಜ್ಞಾನವು ಕುದುರೆ, ವಿವೇಕವು ಕಡಿವಾಣ. ಕುದುರೆಯಿಲ್ಲದವನಿಗೆ ಕಡಿವಾಣದಿಂದ ಪ್ರಯೋಜನವಿಲ್ಲ. ಕಡಿವಾಣವಿಲ್ಲದವನಿಗೆ ಕುದುರೆಯಿಂದಲೇ ಅಪಾಯ.

ಇಷ್ಟು ಕೇಳಿ, ಆ ಸಂಪ್ರದಾಯದಲ್ಲಿ ಓದಿಗೆ ಬೆಲೆ ಕಡಿಮೆಯೆಂದು ಯಾರೂ ತಿಳಿಯಬಾರದು. ಪ್ರವಾದಿ ಮಹಮ್ಮದರಿಗೆ ಮೊದಲು ಇಳಿದು ಬಂದ ಶಬ್ದವೇ ಓದು ಎಂಬ ಆಜ್ಞೆಯೆಂದು ಮುಸಲ್ಮಾನರ ನಂಬುಗೆ. ಕುರಾನಿನಲ್ಲಿ 114 ಅಧ್ಯಾಯಗಳಿವೆ. ಸಾಮಾನ್ಯ ಎಣಿಕೆಯಂತೆ 6236 ವಾಕ್ಯಗಳು. ಅಷ್ಟನ್ನೂ ಬಾಯಿಪಾಠ ಮಾಡಿದವರಿಗೆ 'ಹಾಫಿಜ್' ಎನ್ನುತ್ತಾರೆ. ಆದರೆ ಬಾಯಿಪಾಠ ಬಂದ ಮಾತ್ರಕ್ಕೆ ಅರ್ಥ ಹೇಳಲು ಅಧಿಕಾರ ಬಂತೆ? ಬರಲಿಲ್ಲ. ಕೈರೋ ಪಟ್ಟಣದಲ್ಲಿದ್ದ ಸುಯೂತಿ ಎಂಬ ಮಹಾವಿದ್ವಾಂಸರು, ಅವರು ತೀರಿಕೊಂಡದ್ದು 1505ರಲ್ಲಿ, 'ಅಲ್ ಇತ್ಕಾನ್' ಎಂಬ ಗ್ರಂಥದಲ್ಲಿ ಕುರಾನಿಗೆ ಸಂಬಂಧಪಟ್ಟ ವಿದ್ಯೆಗಳನ್ನು 80 ಪ್ರಕರಣಗಳಾಗಿ ವಿಂಗಡಿಸಿದರು. ವ್ಯಾಖ್ಯಾನ ಮಾಡುವವನಿಗೆ 15 ವಿದ್ಯೆಗಳು ಬೇಕೆಂಬ ಪಟ್ಟಿಯನ್ನೂ ಕೊಟ್ಟರು. ಶಬ್ದಾರ್ಥ, ವ್ಯಾಕರಣ, ಶಬ್ದಗಳ ಉತ್ಪತ್ತಿ, ಅಲಂಕಾರ, ಪಾಠಭೇದ, ಧರ್ಮಶಾಸ್ತ್ರದ ಮೂಲತತ್ತ್ವ ಹೀಗೆ ಪಟ್ಟಿ ನಡೆಯುತ್ತದೆ. ನಾವು ಸಂಸ್ಕೃತ ಓದಿದವರಿಗೆ ಇದು ಹೊಸದಲ್ಲ. ವೇದಕ್ಕೆ ಶಿಕ್ಷೆ, ವ್ಯಾಕರಣ, ನಿರುಕ್ತ ಮುಂತಾಗಿ ಆರು ಅಂಗಗಳಿವೆಯಷ್ಟೆ. ಅಂಗವನ್ನು ಬಿಟ್ಟು ಮುಖವನ್ನು ನೋಡಿದೆನೆಂದು ಹೇಳಬಾರದೆಂದು ನಮ್ಮ ಗುರುಗಳು ಎಚ್ಚರಿಸುತ್ತಿದ್ದರು.

ಆ ಪಟ್ಟಿಯಲ್ಲಿ ಒಂದು ವಿದ್ಯೆಯ ಕಡೆಗೆ ತಮ್ಮ ಗಮನ ಸೆಳೆಯುತ್ತೇವೆ. ಒಂದೊಂದು ವಾಕ್ಯ ಯಾವ ಸಂದರ್ಭದಲ್ಲಿ ಇಳಿದು ಬಂತು ಎಂಬ ವಿಚಾರ ಅದು. ಕುರಾನು ಒಂದೇ ದಿನ ಬಂದದ್ದಲ್ಲ. ಸುಮಾರು 23 ವರ್ಷಗಳ ಅವಧಿಯಲ್ಲಿ ಬಂದದ್ದು. ಕೆಲವು ಮಾತುಗಳು ಮನೆಯ ಜಗಳದ ಸಂದರ್ಭಕ್ಕೆ, ಕೆಲವು ಯುದ್ಧಕ್ಕೆ, ಕೆಲವು ಸಂಧಿಗೆ, ಕೆಲವು ಅನಾಥರ ಆಸ್ತಿಯ ವಿಚಾರಕ್ಕೆ ಸೇರಿದವು. ಹನ್ನೊಂದನೆಯ ಶತಮಾನದಲ್ಲಿ ವಾಹಿದಿ ಎಂಬುವರು ಇದಕ್ಕಾಗಿಯೇ ಒಂದು ಗ್ರಂಥ ಬರೆದರು. ಸಂದರ್ಭ ತಿಳಿಯದೆ ವಾಕ್ಯವನ್ನು ಕಿತ್ತುಕೊಂಡು ಅರ್ಥ ಹೇಳುವುದು ಅಪರಾಧವೆಂಬುದು ಅವರದೇ ವಿದ್ವಾಂಸರ ಮಾತು. ವೈದ್ಯನು ಜ್ವರದವನಿಗೆ ಬರೆದ ಚೀಟಿಯನ್ನು ಬೀದಿಯಲ್ಲಿ ಎತ್ತಿಕೊಂಡು ಊರಿಗೆಲ್ಲ ಅದೇ ಮದ್ದು ಕುಡಿಸಿದರೆ ಏನಾದೀತು?

ಇನ್ನು ಹಿಕ್ಮತ್ತಿನ ವಿಚಾರ. ಕುರಾನಿನಲ್ಲಿ ಹಲವು ಕಡೆ, ಪ್ರವಾದಿಯು ಜನರಿಗೆ ಗ್ರಂಥವನ್ನೂ ಹಿಕ್ಮತ್ತನ್ನೂ ಕಲಿಸುವನೆಂದು ಎರಡನ್ನೂ ಜೊತೆಯಾಗಿ ಹೇಳಲಾಗಿದೆ. ಎರಡೂ ಒಂದೇ ಆಗಿದ್ದರೆ ಎರಡು ಹೆಸರು ಏಕೆ? ಇದನ್ನು ಅವರ ಪಂಡಿತರು ಬಹಳವಾಗಿ ಚರ್ಚಿಸಿದರು. 820ರಲ್ಲಿ ತೀರಿಕೊಂಡ ಇಮಾಮ್ ಶಾಫಿಯವರು, ಗ್ರಂಥದ ಪಕ್ಕದಲ್ಲಿ ಹೇಳಿದ ಹಿಕ್ಮತ್ ಎಂದರೆ ಪ್ರವಾದಿಯವರು ನಡೆದು ತೋರಿಸಿದ ಪದ್ಧತಿ, ಅಂದರೆ 'ಸುನ್ನತ್', ಎಂದು ನಿರ್ಣಯ ಮಾಡಿದರು. ಧರ್ಮವನ್ನು ಒಳಹೊಕ್ಕು ತಿಳಿಯುವ ಶಕ್ತಿಯೆಂದು ಬೇರೆಯವರು ಹೇಳಿದರು. ಮಾತಿನಲ್ಲಿಯೂ ಕೃತಿಯಲ್ಲಿಯೂ ಸರಿಯಾದದ್ದನ್ನು ಮುಟ್ಟುವುದು ಎಂದು ಮತ್ತೆ ಕೆಲವರು ಹೇಳಿದರು. 923ರಲ್ಲಿ ತೀರಿಕೊಂಡ ತಬರಿಯವರು ತಮ್ಮ ದೊಡ್ಡ ವ್ಯಾಖ್ಯಾನದಲ್ಲಿ ಇಂಥ ಅಭಿಪ್ರಾಯಗಳನ್ನೆಲ್ಲ ಸಾಲಾಗಿ ಕೊಟ್ಟಿದ್ದಾರೆ. ಅಭಿಪ್ರಾಯ ಹಲವಾದರೂ ಒಳಗಿನ ಎಳೆ ಒಂದೇ: ಗ್ರಂಥವು ಬರೆದದ್ದು, ಹಿಕ್ಮತ್ ನಡೆದದ್ದು.

ಲುಕ್ಮಾನ್ ಎಂಬ ಒಬ್ಬ ವಿವೇಕಿಯ ಹೆಸರಿನಲ್ಲಿ ಕುರಾನಿನ 31ನೆಯ ಅಧ್ಯಾಯವಿದೆ. ಆತನು ಪ್ರವಾದಿಯಲ್ಲ, ಹಿಕ್ಮತ್ ಪಡೆದ ಮನುಷ್ಯನೆಂದು ಹೆಚ್ಚಿನ ವ್ಯಾಖ್ಯಾನಕಾರರ ಮತ. ಕಪ್ಪು ಬಣ್ಣದ ಗುಲಾಮನಾಗಿದ್ದನೆಂದೂ ಬಡಗಿಯಾಗಿದ್ದನೆಂದೂ ಕಥೆಗಳಿವೆ. ಅವನು ಮಗನಿಗೆ ಬೋಧಿಸಿದ್ದಾದರೂ ಏನು? ಕೃತಜ್ಞನಾಗಿರು, ತಂದೆತಾಯಿಗಳಿಗೆ ಒಳ್ಳೆಯವನಾಗಿರು, ಜನರ ಮುಂದೆ ಬೀಗಬೇಡ, ದನಿ ತಗ್ಗಿಸಿ ಮಾತನಾಡು ಎಂಬ ಅರ್ಥದ ಮಾತುಗಳು. ಇಂಥದ್ದು ಎಲ್ಲರಿಗೂ ಗೊತ್ತಿದೆಯಲ್ಲ ಎನ್ನುವಿರಿ. ಗೊತ್ತಿರುವುದು ಇಲ್ಮ್, ಬದುಕಿನಲ್ಲಿ ಇಳಿದಿರುವುದು ಹಿಕ್ಮತ್. ಕಾಯಕದ ಮನುಷ್ಯನ ಬಾಯಲ್ಲಿ ವಿವೇಕವನ್ನಿಟ್ಟ ಈ ಅಧ್ಯಾಯವನ್ನು ಓದುವಾಗ ನಮಗೆ ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ ಮುಂತಾದ ಶರಣರು ನೆನಪಾದರು.

ಹಾಗಾದರೆ ಇಲ್ಮಿನಿಂದ ಹಿಕ್ಮತ್ತಿಗೆ ದಾಟುವ ಸೇತುವೆ ಯಾವುದು? ಆ ಮೌಲವಿಗಳು ಒಂದು ಕಾಗದದ ಮೇಲೆ ಅರಬ್ಬಿಯ ಮೂರು ಅಕ್ಷರ ಬರೆದು ತೋರಿಸಿದರು. 'ಇಲ್ಮ್' ಎಂಬ ಶಬ್ದದ ಮೂರು ಅಕ್ಷರಗಳಲ್ಲಿ ಕೊನೆಯ ಎರಡನ್ನು ಅದಲು ಬದಲು ಮಾಡಿದರೆ 'ಅಮಲ್' ಆಗುತ್ತದೆ. ಅಮಲ್ ಎಂದರೆ ಕ್ರಿಯೆ, ಆಚರಣೆ. ಕಾನೂನು ಅಮಲಿಗೆ ಬಂತು ಎನ್ನುತ್ತೇವೆ; ಹಿಂದೆ ಮೈಸೂರು ಸೀಮೆಯಲ್ಲಿ ತಾಲ್ಲೂಕಿನ ಅಧಿಕಾರಿಯನ್ನು ಅಮಲ್ದಾರರೆನ್ನುತ್ತಿದ್ದರು. ಅದೇ ಅಮಲ್. ಜ್ಞಾನವು ಆಚರಣೆಯ ಮೂಲಕ ಹಾದು ಬಂದರೆ ವಿವೇಕವಾಗುತ್ತದೆ. ಸುಯೂತಿಯವರ ಪಟ್ಟಿಯ ಹದಿನೈದನೆಯ ವಿದ್ಯೆಯನ್ನು ನಾವು ಆಗ ಹೇಳದೆ ಉಳಿಸಿಕೊಂಡಿದ್ದೆವು. ಮೊದಲ ಹದಿನಾಲ್ಕನ್ನು ಗುರುವಿನಿಂದ, ಗ್ರಂಥದಿಂದ ಕಲಿಯಬಹುದು. ಹದಿನೈದನೆಯದು ಕಲಿತು ಬರುವುದಲ್ಲ. ತಿಳಿದಷ್ಟನ್ನು ಆಚರಿಸಿದವನಿಗೆ ದೇವರು ಕೊಡುವ ವರ ಅದು. ನೋಡಿ, ಅಷ್ಟು ದೊಡ್ಡ ಪಂಡಿತನು ತನ್ನ ಪಟ್ಟಿಯ ಕೊನೆಗೆ ಪಾಂಡಿತ್ಯದ ಕೈಗೆ ಸಿಕ್ಕದ ಒಂದನ್ನು ಇಟ್ಟನು!

ಪ್ರವಾದಿಯವರ ಸಹಚರರ ಪೈಕಿ ಇಬ್ನ್ ಉಮರ್ ಎಂಬುವರು ಕುರಾನಿನ ಎರಡನೆಯ ಅಧ್ಯಾಯವೊಂದನ್ನೇ ಕಲಿಯಲು ಎಂಟು ವರ್ಷ ತೆಗೆದುಕೊಂಡರೆಂಬ ಪರಂಪರೆಯ ಮಾತಿದೆ. ಅವರಿಗೆ ಜ್ಞಾಪಕಶಕ್ತಿ ಕಡಿಮೆಯಾಗಿತ್ತೆಂದಲ್ಲ. ಕಲಿತದ್ದನ್ನು ನಡೆಯಲ್ಲಿ ತಂದಮೇಲೆ ಮುಂದಕ್ಕೆ ಹೋಗುವುದು ಆ ಕಾಲದ ಪದ್ಧತಿಯೆಂದು ವಿದ್ವಾಂಸರು ವಿವರಿಸುತ್ತಾರೆ. ನಮ್ಮಲ್ಲಿ ಧರ್ಮರಾಯನ ಬಾಲ್ಯದ ಕಥೆ ಹೇಳುವುದಿಲ್ಲವೆ? ಕೋಪ ಮಾಡಬೇಡ ಎಂಬ ಒಂದೇ ಪಾಠವನ್ನು ತಮ್ಮಂದಿರೆಲ್ಲ ಅದೇ ದಿನ ಒಪ್ಪಿಸಿದರು. ಧರ್ಮರಾಯನು ಮಾತ್ರ ನನಗಿನ್ನೂ ಬಂದಿಲ್ಲ ಎನ್ನುತ್ತಲೇ ಇದ್ದನು. ಗುರುಗಳು ಬೆತ್ತದಿಂದ ಹೊಡೆದಾಗ ಕೋಪ ಬಾರದಿದ್ದುದನ್ನು ಕಂಡುಕೊಂಡು, ಈಗ ಬಂತು ಎಂದನು. ಎರಡು ದೇಶ, ಎರಡು ಧರ್ಮ, ಪಾಠ ಒಂದೇ.

ದೃಷ್ಟಾಂತವೂ ಒಂದೇ. ಗ್ರಂಥವನ್ನು ಪಡೆದೂ ಅದರಂತೆ ನಡೆಯದವರನ್ನು ಕುರಾನು ಪುಸ್ತಕ ಹೊತ್ತ ಕತ್ತೆಗೆ ಹೋಲಿಸುತ್ತದೆ. ಅಲ್ಲಿ ಆ ಮಾತು ಹಿಂದಿನ ಕಾಲದ ಗ್ರಂಥವಂತರನ್ನು ಕುರಿತದ್ದು. ಆದರೆ ಕುರಾನನ್ನು ಹೊತ್ತು ನಡೆಯದ ತಮ್ಮವರಿಗೂ ಅದು ತಗಲುತ್ತದೆಂದು ಅವರ ವಿದ್ವಾಂಸರೇ ಹೇಳಿದರು. ನಮ್ಮ ಸುಶ್ರುತ ಸಂಹಿತೆಯಲ್ಲಿ ಬಹಳ ಶಾಸ್ತ್ರ ಓದಿ ಅರ್ಥ ತಿಳಿಯದವನು ಗಂಧದ ಹೊರೆ ಹೊತ್ತ ಕತ್ತೆಯಂತೆ. ಅದಕ್ಕೆ ಭಾರ ಗೊತ್ತು, ಪರಿಮಳ ಗೊತ್ತಿಲ್ಲ. ಕತ್ತೆಗೆ ಜಾತಿಯಿಲ್ಲ, ಬಂಧುಗಳೆ. ಕಾವಿ ತೊಟ್ಟವರೂ ಆ ಹೊರೆ ಹೊರಬಹುದು.

ಗಜಾಲಿ ಎಂಬ ಮಹಾಪುರುಷರ ಚರಿತ್ರೆಯನ್ನು ಇಲ್ಲಿ ಹೇಳಲೇಬೇಕು. ಅವರು 1058ರಲ್ಲಿ ಹುಟ್ಟಿ 1111ರಲ್ಲಿ ತೀರಿಕೊಂಡವರು. ಯೌವನದಲ್ಲಿ ಪಾಠ ಮುಗಿಸಿ ಊರಿಗೆ ಹಿಂದಿರುಗುವಾಗ ದಾರಿಯಲ್ಲಿ ಕಳ್ಳರು ಅಡ್ಡಗಟ್ಟಿ ಎಲ್ಲವನ್ನೂ ಕಿತ್ತುಕೊಂಡರಂತೆ. ಬೇರೆ ಏನಾದರೂ ತೆಗೆದುಕೊಳ್ಳಿ, ಬರೆದುಕೊಂಡ ಪಾಠದ ಹಾಳೆಗಳನ್ನು ಕೊಡಿ, ನನ್ನ ಜ್ಞಾನವೆಲ್ಲ ಅದರಲ್ಲಿದೆ ಎಂದು ಇವರು ಬೇಡಿಕೊಂಡರು. ಕಳ್ಳರ ನಾಯಕ ನಕ್ಕುಬಿಟ್ಟನು. ಕಳ್ಳನು ಕದ್ದರೆ ಇಲ್ಲವಾಗುವ ಜ್ಞಾನ ಅದೆಂಥ ಜ್ಞಾನ ಎಂಬುದು ಅವನ ನಗುವಿನ ಅರ್ಥ. ಗಜಾಲಿಯವರು ಊರಿಗೆ ಬಂದು ಮೂರು ವರ್ಷ ಕುಳಿತು ಎಲ್ಲವನ್ನೂ ಬಾಯಿಪಾಠ ಮಾಡಿದರು. ಕಾಗದದಿಂದ ತಲೆಗೆ ಬಂತು. ಮುಂದೆ ಬಾಗ್ದಾದಿನ ನಿಜಾಮಿಯಾ ವಿದ್ಯಾಲಯದಲ್ಲಿ ಪ್ರಧಾನ ಆಚಾರ್ಯರಾದರು. ನೂರಾರು ಶಿಷ್ಯರು, ದೊರೆಗಳ ಮನ್ನಣೆ. ಆದರೂ 1095ರಲ್ಲಿ ಅವರಿಗೆ ಪಾಠ ಹೇಳಲು ನಾಲಗೆ ಏಳದಾಯಿತು. ತಾನು ಹೇಳುತ್ತಿರುವುದು ದೇವರಿಗಾಗಿಯೋ ಕೀರ್ತಿಗಾಗಿಯೋ ಎಂಬ ಪ್ರಶ್ನೆ ಒಳಗೆ ಕೊರೆಯಿತು. ಆ ಪೀಠವನ್ನು ಬಿಟ್ಟು ಹೊರಟು ಹೋದರು. ಆಮೇಲೆ ಬರೆದದ್ದು ಅವರ ಮಹಾಗ್ರಂಥ. ಅದರ ಮೊದಲನೆಯ ಭಾಗವೇ ಜ್ಞಾನವನ್ನು ಕುರಿತದ್ದು, ಯಾವ ಜ್ಞಾನ ಉಪಕಾರಿ, ಯಾವುದು ಅಪಾಯಕಾರಿ ಎಂಬ ವಿವೇಚನೆ. ಕಾಗದದಿಂದ ತಲೆಗೆ ಬರಲು ಮೂರು ವರ್ಷ ಸಾಕಾಯಿತು. ತಲೆಯಿಂದ ಎದೆಗೆ ಇಳಿಯಲು ಪೀಠವನ್ನೇ ಬಿಡಬೇಕಾಯಿತು.

ಇದು ಬಾಗ್ದಾದಿನ ಮಾತಾಯಿತು. ನಮ್ಮ ಕನ್ನಡ ನಾಡಿನಲ್ಲಿಯೂ ಇಂಥ ಪ್ರಸಂಗವೊಂದು ನಡೆದಿದೆ. ಕಲಬುರಗಿಯಲ್ಲಿ ಬಹಮನಿ ದೊರೆ ಫಿರೋಜ್ ಷಹನು 1397ರಲ್ಲಿ ಪಟ್ಟಕ್ಕೆ ಬಂದನು. ಅವನು ಸಾಮಾನ್ಯನಲ್ಲ, ಹಲವು ಭಾಷೆ ಬಲ್ಲವನು, ಗಣಿತ, ತರ್ಕ, ಖಗೋಳದಲ್ಲಿ ಆಸಕ್ತನು. ಅವನ ಕಾಲದಲ್ಲಿ ದೆಹಲಿಯಿಂದ ವೃದ್ಧರಾದ ಒಬ್ಬ ಸೂಫಿ ಸಂತರು ಬಂದು ನೆಲೆಸಿದರು. ಅವರೇ ಖ್ವಾಜಾ ಬಂದೇನವಾಜರು. ಅವರು ಸ್ವತಃ ಕುರಾನಿಗೆ ವ್ಯಾಖ್ಯಾನ ಬರೆದ ಪಂಡಿತರು. ದೊರೆಯು ಮೊದಲು ಆದರದಿಂದ ಬರಮಾಡಿಕೊಂಡನು. ಆಮೇಲೆ ಶಾಸ್ತ್ರಪಾಂಡಿತ್ಯದ ತಕ್ಕಡಿಯಲ್ಲಿ ತೂಗಿ ಇವರು ಕಡಿಮೆಯೆಂದು ಉದಾಸೀನ ಮಾಡಿದನೆಂದು ಫೆರಿಷ್ತಾ ಎಂಬ ಚರಿತ್ರೆಕಾರನು ಬರೆದಿದ್ದಾನೆ. ದೊರೆಯ ತಮ್ಮ ಅಹಮದನು ಮಾತ್ರ ಅವರ ಪಾದದ ಬಳಿ ಕುಳಿತನು. 1422ರಲ್ಲಿ ಫಿರೋಜನೂ ಬಂದೇನವಾಜರೂ ಇಬ್ಬರೂ ತೀರಿಕೊಂಡರು. ಇಂದು ಫಿರೋಜನ ಗೋರಿಗೆ ನೋಡುವವರು ಹೋಗುತ್ತಾರೆ. ಬಂದೇನವಾಜರ ದರ್ಗಾಕ್ಕೆ ಹಿಂದೂ ಮುಸಲ್ಮಾನರೆನ್ನದೆ ಬೇಡುವವರು ಹೋಗುತ್ತಾರೆ. ಆ ತಮ್ಮನೇ ಮುಂದೆ ದೊರೆಯಾಗಿ ರಾಜಧಾನಿಯನ್ನು ಬೀದರಿಗೆ ತಂದ ಅಹಮದ್ ಷಹ ವಲಿ. ಬೀದರಿನ ಹತ್ತಿರ ಅಷ್ಟೂರಿನಲ್ಲಿ ಅವನ ಗೋರಿಯಿದೆ. ಅಲ್ಲಿಯ ಉರುಸಿಗೆ ನಮ್ಮ ಜಂಗಮರು ಬಂದು ಪೂಜೆ ಸಲ್ಲಿಸುವ ಪದ್ಧತಿಯಿದೆ. ಅವನಲ್ಲಿ ಅಲ್ಲಮಪ್ರಭುವನ್ನು ಕಾಣುವ ಭಕ್ತರೂ ಇದ್ದಾರೆ.

ಅದೇ ಬೀದರಿನಲ್ಲಿ 1472ರಲ್ಲಿ ಮಂತ್ರಿ ಮಹಮೂದ್ ಗವಾನನು ದೊಡ್ಡ ಮದರಸಾ ಕಟ್ಟಿಸಿದನು. ಅದರಲ್ಲಿ ದೊಡ್ಡ ಗ್ರಂಥಭಂಡಾರವಿತ್ತು. ಅಸೂಯಾಪರರು ಅವನ ಮೊಹರನ್ನು ಖಾಲಿ ಕಾಗದಕ್ಕೆ ಒತ್ತಿಸಿಕೊಂಡು, ಶತ್ರುರಾಜನಿಗೆ ಅವನೇ ಬರೆದಂತೆ ದ್ರೋಹದ ಕಾಗದ ಸೃಷ್ಟಿಸಿ, ದೊರೆಗೆ ಕುಡಿತದ ಅಮಲಿನ ಹೊತ್ತಿನಲ್ಲಿ ತೋರಿಸಿದರು. ದೊರೆ ಕಾಗದವನ್ನು ನೋಡಿದನು, ಮೊಹರನ್ನು ನೋಡಿದನು; ಯಾರು ತಂದರು, ಏಕೆ ತಂದರು ಎಂದು ಮಾತ್ರ ಕೇಳಲಿಲ್ಲ. 1481ರಲ್ಲಿ ಆ ವೃದ್ಧ ಮಂತ್ರಿಯ ತಲೆ ಉರುಳಿತು. ನಿಜ ತಿಳಿದು ದೊರೆ ಪಶ್ಚಾತ್ತಾಪಪಟ್ಟನು. ಮರುವರ್ಷ ತಾನೂ ತೀರಿಕೊಂಡನು. ಮೊಬೈಲಿನಲ್ಲಿ ಬರುವ ಕಾಗದಗಳಿಗೂ ಮೊಹರು ಇರುತ್ತದೆ, ಬಂಧುಗಳೆ. ಒತ್ತಿದವರು ಯಾರೆಂದು ಕೇಳುವುದೇ ಹಿಕ್ಮತ್ತಿನ ಮೊದಲ ಮೆಟ್ಟಲು.

ಪರರ ತಪ್ಪನ್ನು ಹೇಳಿದಮೇಲೆ ನಮ್ಮದನ್ನೂ ಹೇಳಬೇಕಾದ್ದು ಧರ್ಮ. ನಾವು ಪೀಠಕ್ಕೆ ಬಂದ ಹೊಸದು. ಒಂದು ಬದುವಿನ ವಿಚಾರವಾಗಿ ಅಣ್ಣತಮ್ಮಂದಿರಿಬ್ಬರು ನ್ಯಾಯ ಕೇಳಲು ಬಂದರು. ಅಣ್ಣನ ಕೈಯಲ್ಲಿ ಪತ್ರವಿತ್ತು. ನಾವು ಪತ್ರ ಓದಿದೆವು, ಸ್ಮೃತಿಗ್ರಂಥಗಳ ಎರಡು ಮಾತು ಹೇಳಿದೆವು, ಅರ್ಧ ಗಳಿಗೆಯಲ್ಲಿ ತೀರ್ಪು ಕೊಟ್ಟೆವು. ಪತ್ರದ ಪ್ರಕಾರ ತೀರ್ಪು ಸರಿಯೇ ಇತ್ತು. ತಮ್ಮನು ಏನೋ ಹೇಳಲು ಬಾಯಿ ತೆರೆದನು. ನಾವು ಕೈ ಅಡ್ಡ ಮಾಡಿದೆವು. ಆ ಪತ್ರವಾಗುವಾಗ ತಾನು ಆಸ್ಪತ್ರೆಯಲ್ಲಿ ತಾಯಿಯ ಬಳಿ ಇದ್ದೆನೆಂದು ಅವನು ಹೇಳಬೇಕಾಗಿತ್ತೆಂದು ನಮಗೆ ತಿಳಿದದ್ದು ವರ್ಷಗಳ ಮೇಲೆ. ಅಷ್ಟರಲ್ಲಿ ಅವನು ಊರು ಬಿಟ್ಟಿದ್ದನು. ತಾಯಿಯ ಮಣ್ಣಿಗೂ ಬರಲಿಲ್ಲ. ತಾವು ನಮ್ಮನ್ನು 'ಬುದ್ಧಿ' ಎಂದು ಕರೆಯುತ್ತೀರಿ. ಆ ದಿನ ನಮ್ಮಲ್ಲಿ ವಿದ್ಯೆಯಿತ್ತು, ಬುದ್ಧಿಯಿರಲಿಲ್ಲ.

ಆದ್ದರಿಂದಲೇ ಈ ಸಲ ಹದಿನೈದು ದಿನ ಕೇಳಿಕೊಂಡೆವು. ಮದೀನದ ಇಮಾಮ್ ಮಾಲಿಕರಿಗೆ ಒಮ್ಮೆ 48 ಪ್ರಶ್ನೆಗಳನ್ನು ಕೇಳಿದಾಗ 32ಕ್ಕೆ ತನಗೆ ಗೊತ್ತಿಲ್ಲವೆಂದು ಉತ್ತರ ಕೊಟ್ಟರೆಂದು ಹೇಳುತ್ತಾರೆ. ಅಂಥವರೇ ಗೊತ್ತಿಲ್ಲ ಎನ್ನಬಹುದಾದರೆ ನಮಗೇನು ನಾಚಿಕೆ?

ಆ ನಾಲ್ಕು ವಾಕ್ಯಗಳ ವಿಚಾರ ಕೇಳಿ. ಮೌಲವಿಗಳು ಕೂಡಲೇ ಉತ್ತರ ಹೇಳಲಿಲ್ಲ. ಮನೆಗೆ ಹೋಗಿ ಗ್ರಂಥ ನೋಡಿ ಮರುದಿನ ಬಂದರು. ಎರಡು ವಾಕ್ಯಗಳು ಯುದ್ಧದ ಸಂದರ್ಭದವು. ಹಿಂದಿನ ಮುಂದಿನ ಮಾತುಗಳನ್ನು ಕತ್ತರಿಸಿ ತೆಗೆದಿದ್ದರು. ಅವನ್ನು ನಾವೇ ಅನುವಾದದಲ್ಲಿ ಹುಡುಕಿ ನೋಡಿದೆವು. ಮೂರನೆಯದರ ಅರ್ಥವನ್ನು ತಿರುಚಲಾಗಿತ್ತು. ನಾಲ್ಕನೆಯದು ಕುರಾನಿನಲ್ಲಿ ಇಲ್ಲವೇ ಇಲ್ಲ. ಹಾಗೆಂದು ಅಲ್ಲಿ ಓದಿದ್ದೆಲ್ಲ ನಮಗೆ ಒಪ್ಪಿತವಾಯಿತೆಂದು ನಾವು ಹೇಳುವುದಿಲ್ಲ. ನಮ್ಮ ಇಷ್ಟಲಿಂಗ ನಮ್ಮ ಅಂಗೈಯಲ್ಲಿದೆ, ನಮ್ಮ ದಾರಿ ನಮಗಿದೆ. ಒಪ್ಪದಿರುವುದಕ್ಕೂ ಓದಿರಬೇಕು; ಓದಿದಮೇಲೆ ನಡೆಯಿಂದ ತೂಗಬೇಕು. ಅರಿವು ಆಚಾರವಾಗದಿದ್ದರೆ ಅದು ಅರಿವೇ ಅಲ್ಲವೆಂಬುದು ಶರಣರ ಮತ. ಆ ತೂಕದ ಕಲ್ಲು ಅವರಿಗೂ ಒಂದೇ, ನಮಗೂ ಒಂದೇ.

ಬಳೆ ಅಂಗಡಿಯ ಮನೆತನವನ್ನು ಆ ಕಲ್ಲಿನಿಂದಲೇ ತೂಗಿರಿ. ಮೂರು ತಲೆಮಾರಿನಲ್ಲಿ ಅವರು ಯಾರಿಗೆ ಮೋಸ ಮಾಡಿದರು? ದುಡ್ಡಿಲ್ಲದ ಹೆಣ್ಣುಮಕ್ಕಳ ಕೈಗೂ ಬಳೆ ತೊಡಿಸಿ ಕಳಿಸಿದರೆಂದು ಈ ಸಭೆಯಲ್ಲಿರುವ ತಾಯಂದಿರೇ ನಮಗೆ ಹೇಳಿದ್ದಾರೆ. ಜಾತ್ರೆಯಲ್ಲಿ ಆ ಅಂಗಡಿ ಪ್ರತಿವರ್ಷ ಎಲ್ಲಿರುತ್ತಿತ್ತೋ ಅಲ್ಲಿಯೇ ಇರುತ್ತದೆ. ಇದು ಮಠದ ಅಪ್ಪಣೆ. ಕೇಳಲು ಬಂದ ಆ ಯುವಕರ ಮೇಲೆ ನಮಗೆ ಅಸಮಾಧಾನವಿಲ್ಲ. ಅವರು ಬಂದು ಕೇಳಿದರಲ್ಲ, ಕೇಳದೆ ಏನೂ ಮಾಡಲಿಲ್ಲವಲ್ಲ, ಅದೇ ವಿವೇಕದ ಮೊಳಕೆ. ರಥಕ್ಕೆ ಹಗ್ಗ ಹಿಡಿಯುವ ದಿನ ಅವರೇ ಮುಂದೆ ನಿಂತು ಆ ಅಂಗಡಿಯ ಚಪ್ಪರಕ್ಕೆ ಗಳು ನೆಡಲಿ ಎಂದು ನಾವು ಅಪೇಕ್ಷಿಸುತ್ತೇವೆ.

ಓದಿದ್ದು ತಮ್ಮ ನಡೆಯಲ್ಲಿ ಇಳಿಯಲಿ, ನಡೆದದ್ದು ವಿವೇಕವಾಗಿ ಬೆಳಗಲಿ, ತಮಗೂ ತಮ್ಮ ಮಕ್ಕಳಿಗೂ ನೆರೆಯವರಿಗೂ ಪರಶಿವನು ಸನ್ಮಂಗಳವನ್ನುಂಟುಮಾಡಲಿ ಎಂದು ಹಾರೈಸಿ, ನಮ್ಮ ಈ ನಾಲ್ಕು ಮಾತುಗಳನ್ನು ಮುಗಿಸುತ್ತೇವೆ.